ಆಯಿಲ್ ಫರ್ನೆಸ್ ಹೋಗಿ ಹೀಟ್ ಪಂಪ್ ಬಂತು: ಒಂದು ಮನೆ, ಎರಡು ತೆರಿಗೆ ವರ್ಷ, 3,830 ಡಾಲರ್

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ, ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದಾರಿ. 1978ರಲ್ಲಿ ಕಟ್ಟಿದ ಮನೆ. ಎರಡು ಅಂತಸ್ತು, 2,100 ಚದರಡಿ, ಕೆಳಗೆ ಬೇಸ್‌ಮೆಂಟ್. ಆ ಬೀದಿಗೆ ಗ್ಯಾಸ್ ಪೈಪು ಬಂದಿಲ್ಲ. ಬೇಸ್‌ಮೆಂಟಿನ ಮೂಲೆಯಲ್ಲಿ 275 ಗ್ಯಾಲನ್ನಿನ ಆಯಿಲ್ ಟ್ಯಾಂಕು, ಪಕ್ಕದಲ್ಲಿ ಎಣ್ಣೆ ಸುಟ್ಟು ಮನೆ ಬಿಸಿ ಮಾಡುವ ಹಳೆಯ ಆಯಿಲ್ ಫರ್ನೆಸ್, ಅದರಿಂದ ಮನೆಯಿಡೀ ಬಿಸಿಗಾಳಿ ಒಯ್ಯಲು ಹರಡಿದ ತಗಡಿನ ಡಕ್ಟು. ವರ್ಷಕ್ಕೆ 750 ಗ್ಯಾಲನ್ ಎಣ್ಣೆ ಸುಡುತ್ತಿತ್ತು. ಮನೆಯವರು ಹಾಸನ ಕಡೆಯ ದಂಪತಿ, ಇಬ್ಬರಿಗೂ ಸಂಬಳದ ಕೆಲಸ, ಇಬ್ಬರು ಮಕ್ಕಳು. ಅಜ್ಜ ಅಜ್ಜಿ ಊರಿನಿಂದ ಬಂದರೆ ಆರು ತಿಂಗಳು ಇದ್ದು ಹೋಗುತ್ತಾರೆ, ಅದರಲ್ಲಿ ಚಳಿಗಾಲವೂ ಸೇರುತ್ತದೆ.

ಆ ಫರ್ನೆಸ್ಸಿನ ಜಾಗಕ್ಕೆ ಹೀಟ್ ಪಂಪ್, ಎಂದರೆ ಹೊರಗಿನ ಗಾಳಿಯ ಶಾಖವನ್ನು ಮನೆಯೊಳಗೆ ಎಳೆದು ತರುವ ವಿದ್ಯುತ್ ಯಂತ್ರ, ಹಾಕಿಸಿದರೆ ತೆರಿಗೆಯಲ್ಲಿ ಎಷ್ಟು ಉಳಿಯಿತು ಎಂಬ ಲೆಕ್ಕ ಬಿಡಿಸಿ ತೋರಿಸಲು ಹೊಂದಿಸಿದ ಮಾದರಿ ಮನೆ ಇದು. ಇಲ್ಲಿನ ಬೆಲೆಗಳು, ಕೆಲಸದ ತಾರೀಖುಗಳು ಉದಾಹರಣೆಗೆ ಮಾತ್ರ. ಕಾನೂನು, ಮಿತಿ, ಫಾರ್ಮುಗಳು ಇದ್ದದ್ದು ಇದ್ದ ಹಾಗೆ.

ಮನೆಯಲ್ಲಿ ಶಕ್ತಿ ಉಳಿಸುವ ಕೆಲಸ ಮಾಡಿಸಿದವರಿಗೆ ಅಮೆರಿಕದ ಕೇಂದ್ರ ತೆರಿಗೆ ಕಾನೂನಿನ ಸೆಕ್ಷನ್ 25ಸಿ ಕೊಡುತ್ತಿದ್ದ ತೆರಿಗೆ ಕ್ರೆಡಿಟ್ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. 2022ರ ಇನ್‌ಫ್ಲೇಷನ್ ರಿಡಕ್ಷನ್ ಆಕ್ಟ್ ಅದನ್ನು 2032ರವರೆಗೆ ಇಟ್ಟಿತ್ತು. 2025ರ ಜುಲೈ 4ರಂದು ಸಹಿ ಬಿದ್ದ ಹೊಸ ಕಾನೂನು ಏಳು ವರ್ಷ ಮೊದಲೇ ಬಾಗಿಲು ಹಾಕಿತು. ಮುಗಿದುಹೋದದ್ದರ ಲೆಕ್ಕ ಈಗೇಕೆ ಎಂದರೆ, 2023, 2024, 2025ರಲ್ಲಿ ಕೆಲಸ ಮಾಡಿಸಿ ಕ್ರೆಡಿಟ್ ಕೇಳದೆ ಬಿಟ್ಟವರು, ಕಡಿಮೆ ಕೇಳಿದವರು ಇನ್ನೂ ತಿದ್ದುಪಡಿ ರಿಟರ್ನ್ ಹಾಕಬಹುದು. 2023ರ ರಿಟರ್ನನ್ನು ಗಡುವಿನೊಳಗೆ ಸಲ್ಲಿಸಿದವರಿಗೆ 2027ರ ಏಪ್ರಿಲ್ 15ರವರೆಗೆ ಅವಕಾಶವಿದೆ. ಈ ಮನೆಯ ಕಡತದಲ್ಲೂ ಅಂಥದ್ದೊಂದು ಬಾಕಿ ಇತ್ತು.

ಎರಡು ಡಬ್ಬಿ

ನಮ್ಮೂರಿನ ತೆರಿಗೆ ಗೊತ್ತಿದ್ದವರಿಗೆ ಒಂದು ಹೋಲಿಕೆ. 80ಸಿ ಆದಾಯದಿಂದ ಕಳೆಯುತ್ತದೆ. 87ಎ ರಿಬೇಟು ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುತ್ತದೆ. 25ಸಿ ಈ ಎರಡನೆಯ ಜಾತಿಗೆ ಸೇರಿದ್ದು. ಖರ್ಚಿನ ಶೇ 30ರಷ್ಟು ನೇರವಾಗಿ ತೆರಿಗೆಯಿಂದ ಇಳಿಯುತ್ತದೆ. ಆದರೆ ತೆರಿಗೆ ಸೊನ್ನೆಗೆ ಬಂದ ಮೇಲೆ ಮಿಕ್ಕಿದ್ದು ಕೈಗೆ ಬರುವುದಿಲ್ಲ, ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ಊರಿನ ಎನ್‌ಆರ್‌ಒ ಎಫ್‌ಡಿ ಬಡ್ಡಿಗೆ ಅಲ್ಲಿ ಮುರಿದುಕೊಂಡ ತೆರಿಗೆಯನ್ನು ಫಾರಿನ್ ಟ್ಯಾಕ್ಸ್ ಕ್ರೆಡಿಟ್ ಆಗಿ ಇಲ್ಲಿ ಕಳೆಯುವವರು ಇನ್ನೊಂದು ಮಾತು ನೆನಪಿಡಬೇಕು: ಮೊದಲು ಕಳೆಯುವುದು ಅದು, 25ಸಿಗೆ ಉಳಿಯುವುದು ಅದರ ನಂತರದ ತೆರಿಗೆ. ಇಬ್ಬರು ದುಡಿಯುವ ಈ ಮನೆಯಲ್ಲಿ ತೆರಿಗೆ ಸಾಕಷ್ಟಿದ್ದುದರಿಂದ ಆ ತೊಡಕು ಬರಲಿಲ್ಲ.

ಮಿತಿಯನ್ನು ಎರಡು ಡಬ್ಬಿಯಾಗಿ ನೋಡಿದರೆ ಸುಲಭ. ದೊಡ್ಡ ಡಬ್ಬಿ ವರ್ಷಕ್ಕೆ 2,000 ಡಾಲರಿನದು. ಹೀಟ್ ಪಂಪ್, ಹೀಟ್ ಪಂಪ್ ವಾಟರ್ ಹೀಟರ್, ಕಟ್ಟಿಗೆ ಅಥವಾ ಪೆಲೆಟ್ ಸುಡುವ ಒಲೆ, ಬಾಯ್ಲರ್ ಎಲ್ಲವೂ ಅದರಲ್ಲೇ ಪಾಲು ಹಂಚಿಕೊಳ್ಳಬೇಕು. ಸಣ್ಣ ಡಬ್ಬಿ ವರ್ಷಕ್ಕೆ 1,200ರದು. ಇನ್ಸುಲೇಷನ್, ಸಂದಿ ಮುಚ್ಚುವ ಏರ್ ಸೀಲಿಂಗ್, ಕಿಟಕಿ, ಬಾಗಿಲು, ಗ್ಯಾಸ್ ಫರ್ನೆಸ್, ಸೆಂಟ್ರಲ್ ಏಸಿ, ಎಲೆಕ್ಟ್ರಿಕ್ ಪ್ಯಾನೆಲ್, ಮನೆಯ ಎನರ್ಜಿ ಆಡಿಟ್ ಎಲ್ಲ ಇದರೊಳಗೆ. ಇದರಲ್ಲಿ ಮತ್ತೆ ಒಳಮಿತಿಗಳು: ಕಿಟಕಿಗಳೆಲ್ಲ ಸೇರಿ 600, ಬಾಗಿಲಿಗೆ ತಲಾ 250ರಂತೆ ಒಟ್ಟು 500, ಆಡಿಟ್‌ಗೆ 150, ಪ್ಯಾನೆಲ್ ಅಥವಾ ಫರ್ನೆಸ್ಸಿಗೆ ತಲಾ 600. ಇನ್ಸುಲೇಷನ್ನಿಗೆ ಮಾತ್ರ ಒಳಮಿತಿ ಇಲ್ಲ. ಎರಡೂ ಡಬ್ಬಿ ತುಂಬಿದರೆ ವರ್ಷಕ್ಕೆ 3,200. ಗಂಡ ಹೆಂಡತಿ ಜಂಟಿ ರಿಟರ್ನ್ ಹಾಕಿದರೂ ಮಿತಿ ಒಂದೇ.

ಡಬ್ಬಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತಿತ್ತು. ಈ ಪ್ರಕರಣದ ಹಣವೆಲ್ಲ ನಿಂತಿರುವುದು ಆ ಒಂದು ಮಾತಿನ ಮೇಲೆ.

2024: ಅಟ್ಟ ಮತ್ತು ಬಿಸಿನೀರು

ಮ್ಯಾಸಚೂಸೆಟ್ಸ್‌ನಲ್ಲಿ ವಿದ್ಯುತ್, ಗ್ಯಾಸ್ ಕಂಪನಿಗಳು ಸೇರಿ ನಡೆಸುವ ಮಾಸ್ ಸೇವ್ ಎಂಬ ಯೋಜನೆಯಿದೆ. ಹೀಟ್ ಪಂಪಿಗೆ ಅದರ ಪೂರ್ಣ ರಿಬೇಟು ಬೇಕಾದರೆ ಮೊದಲು ಮನೆಯ ಶಾಖ ಸೋರುವುದನ್ನು ನಿಲ್ಲಿಸಿರಬೇಕು. ತಪಾಸಣೆ ಪುಕ್ಕಟೆ, ದುಡ್ಡು ಕೊಟ್ಟಿಲ್ಲವಾದ್ದರಿಂದ ಆಡಿಟ್‌ನ 150 ಕೇಳುವ ಹಾಗಿಲ್ಲ. ಏರ್ ಸೀಲಿಂಗೂ ಪುಕ್ಕಟೆಯಾಯಿತು. ಅಟ್ಟದಲ್ಲಿ ಮೊದಲಿದ್ದದ್ದು ಆರ್-19 ಗ್ಲಾಸ್ ಫೈಬರ್ (ಆರ್ ಎಂದರೆ ಶಾಖ ತಡೆಯುವ ಶಕ್ತಿಯ ಅಳತೆ), ಹಲವು ಕಡೆ ಇಲಿ ಓಡಾಡಿ ತಗ್ಗು ಬಿದ್ದಿತ್ತು. ಅದರ ಮೇಲೆ ಸುಮಾರು 12 ಇಂಚು ಸೆಲ್ಯುಲೋಸ್ ಊದಿ ಆರ್-60ಕ್ಕೆ ತಂದರು. ಈ ಸಂಖ್ಯೆಗೆ ಕಾರಣವಿದೆ: 2024ರಲ್ಲಿ ಹಾಕಿದ ಇನ್ಸುಲೇಷನ್ 2021ರ ಐಇಸಿಸಿ ಎಂಬ ಕಟ್ಟಡ ಸಂಹಿತೆಗೆ ಹೊಂದಬೇಕಿತ್ತು, ಈ ಚಳಿ ವಲಯದ ಅಟ್ಟಕ್ಕೆ ಅದು ಕೇಳುವುದು ಆರ್-60.

ಬಿಲ್ಲು 6,800 ಡಾಲರ್. ಮಾಸ್ ಸೇವ್ ಶೇ 75 ಕೊಟ್ಟಿತು, ಮನೆಯವರು ಕೊಟ್ಟದ್ದು 1,700. ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ವಿದ್ಯುತ್ ಕಂಪನಿ ಕೊಟ್ಟ ಸಹಾಯಧನವನ್ನು ಕಳೆದು ಮಿಕ್ಕಿದ್ದಕ್ಕಷ್ಟೇ ಶೇ 30. ಎರಡು, ಇನ್ಸುಲೇಷನ್, ಕಿಟಕಿ, ಬಾಗಿಲುಗಳಲ್ಲಿ ಸಾಮಾನಿನ ಬೆಲೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಕೂಲಿ ಬರುವುದಿಲ್ಲ. ಹೀಟ್ ಪಂಪು, ವಾಟರ್ ಹೀಟರು, ಪ್ಯಾನೆಲ್ಲುಗಳಲ್ಲಿ ಕೂಲಿಯೂ ಸೇರುತ್ತದೆ. ಕಾಂಟ್ರಾಕ್ಟರು ಕೊಟ್ಟ ಬಿಲ್ಲಿನಲ್ಲಿ ಒಂದೇ ಮೊತ್ತ ಇತ್ತು. ಕೇಳಿ ಬರೆಸಿಕೊಂಡಾಗ ಸಾಮಾನು 2,800, ಕೂಲಿ 4,000 ಎಂದು ಬೇರೆಯಾಯಿತು. ಸಹಾಯಧನವನ್ನು ಎರಡಕ್ಕೂ ಅದೇ ಪ್ರಮಾಣದಲ್ಲಿ ಹಂಚಿದರೆ ಸಾಮಾನಿಗೆ ಕೈಯಿಂದ ಹೋದದ್ದು 700. ಅದರ ಶೇ 30 ಎಂದರೆ 210 ಡಾಲರ್.

ಕೆಲಸ ಮುಗಿಸಿ ಹೊರಡುವ ಮುನ್ನ ಕಿಟಕಿ ಬದಲಿಸುವ ಮಾತು ಬಂತು. ಹದಿನಾರು ಕಿಟಕಿಗೆ ದೊಡ್ಡ ಮೊತ್ತ, ಸಿಗುವ ಕ್ರೆಡಿಟ್ 600 ದಾಟುವುದಿಲ್ಲ, ಅದೂ ಎನರ್ಜಿ ಸ್ಟಾರ್ ಮೋಸ್ಟ್ ಎಫಿಶಿಯೆಂಟ್ ಪಟ್ಟಿಯಲ್ಲಿದ್ದರೆ ಮಾತ್ರ. ಇರುವ ಕಿಟಕಿ ಜೋಡಿ ಗಾಜಿನವು, ಕೊಳೆತಿಲ್ಲ. ಬೇಡ ಎಂದದ್ದು ಸರಿ. ಕ್ರೆಡಿಟ್ ಆಸೆಗೆ ಕಿಟಕಿ ಬದಲಿಸುವುದು ಕೊಡೆಗೆ ರಿಯಾಯಿತಿ ಇದೆ ಎಂದು ಬೇಸಿಗೆಯಲ್ಲಿ ಮೂರು ಕೊಂಡ ಹಾಗೆ.

ವಾಟರ್ ಹೀಟರ್ ವಿಷಯದಲ್ಲಿ ಯೋಜನೆ ಬದಲಾಯಿತು. ಹಳೆಯ ಎಲೆಕ್ಟ್ರಿಕ್ ಟ್ಯಾಂಕಿನ ತಳ 2024ರ ನವೆಂಬರಿನಲ್ಲಿ ಜಿನುಗತೊಡಗಿತು. ಅಗ್ಗದ ಸಾದಾ ಟ್ಯಾಂಕು ಹಾಕಿ, ಮುಂದಿನ ವರ್ಷ ಹೀಟ್ ಪಂಪಿನ ಜೊತೆ ಒಳ್ಳೆಯದನ್ನು ಹಾಕಿಸುವುದು ಮೊದಲ ಆಲೋಚನೆ. ಡಬ್ಬಿಯ ಲೆಕ್ಕ ಹಾಕಿದಾಗ ಅದು ಉಲ್ಟಾ ಎಂದು ಗೊತ್ತಾಯಿತು. 2025ರಲ್ಲಿ ಮನೆಯ ಹೀಟ್ ಪಂಪೊಂದೇ 2,000ದ ಡಬ್ಬಿ ತುಂಬಿಸುತ್ತದೆ. ಅದೇ ವರ್ಷ ವಾಟರ್ ಹೀಟರ್ ಬಂದರೆ ಅದಕ್ಕೆ ಸೊನ್ನೆ. ಹಾಗಾಗಿ ಡಿಸೆಂಬರಿನಲ್ಲೇ ಹೀಟ್ ಪಂಪ್ ವಾಟರ್ ಹೀಟರ್ ಕೂಡಿಸಿದರು. ಕೂಲಿ ಸೇರಿ 4,150, ರಿಬೇಟು 750, ಕೈಯಿಂದ 3,400. ಶೇ 30 ಎಂದರೆ 1,020.

ಈ ಯಂತ್ರ ಬೇಸ್‌ಮೆಂಟಿನ ಗಾಳಿಯಿಂದಲೇ ಶಾಖ ಎಳೆದು ನೀರು ಕಾಯಿಸುವುದರಿಂದ ಅದರ ಸುತ್ತ ತಯಾರಕರು ಹೇಳಿದಷ್ಟು ಗಾಳಿ ಇರಬೇಕು. ಸಾಮಾನ್ಯವಾಗಿ 700ರಿಂದ 1,000 ಘನ ಅಡಿ ಕೇಳುತ್ತಾರೆ, ಸಣ್ಣ ಕೋಣೆಯಲ್ಲಿ ಕೂಡಿಸಿ ಬಾಗಿಲು ಹಾಕಿದರೆ ಯಂತ್ರ ತೇಕುತ್ತದೆ. ಹನಿಯುವ ನೀರಿಗೆ ಡ್ರೈನ್ ಬೇಕು. ಇನ್ನೊಂದು ಸಂಗತಿ ಒಂದು ವರ್ಷದ ನಂತರ ಕಂಡಿತು: ಆಯಿಲ್ ಫರ್ನೆಸ್ ಇದ್ದಾಗ ಅದರ ಮೈಯಿಂದ ಸೋರುವ ಬಿಸಿ ಬೇಸ್‌ಮೆಂಟನ್ನು ಬೆಚ್ಚಗಿಡುತ್ತಿತ್ತು. ಫರ್ನೆಸ್ ಹೋದ ಮೇಲೆ ಬೇಸ್‌ಮೆಂಟ್ ತಣ್ಣಗಾಯಿತು, ವಾಟರ್ ಹೀಟರು ಅದನ್ನು ಇನ್ನಷ್ಟು ತಣ್ಣಗೆ ಮಾಡಿತು. ಬೇಸ್‌ಮೆಂಟಿನ ಗೋಡೆ ತಲೆಗಟ್ಟಿನ ಸಂದಿಗಳಿಗೆ, ರಿಮ್ ಜಾಯಿಸ್ಟ್ ಎನ್ನುವ ಜಾಗಕ್ಕೆ, ಫೋಮ್ ಹಾಕಿಸಿದ ಮೇಲೆ ಸುಧಾರಿಸಿತು.

ಎಷ್ಟು ಟನ್?

2025ರ ಬೇಸಿಗೆಯಲ್ಲಿ ಮೂರು ಕೊಟೇಶನ್ ಬಂದವು: 5 ಟನ್, 4 ಟನ್, 3 ಟನ್. ಐದು ಟನ್ ಎಂದವರು ಫರ್ನೆಸ್ಸಿನ ತಗಡಿನ ಮೇಲಿದ್ದ 1,00,000 ಬಿಟಿಯು (ಶಾಖದ ಅಳತೆ) ನೋಡಿ ಬರೆದಿದ್ದರು. ಹಳೆಯ ಫರ್ನೆಸ್‌ಗಳು ಬೇಕಾದ್ದಕ್ಕಿಂತ ದುಪ್ಪಟ್ಟು, ಮುಪ್ಪಟ್ಟು ದೊಡ್ಡವಾಗಿರುವುದು ಮಾಮೂಲು. ಸುಡುವ ಯಂತ್ರಕ್ಕೆ ಅದರಿಂದ ದೊಡ್ಡ ತೊಂದರೆಯಿಲ್ಲ. ಹೀಟ್ ಪಂಪಿಗೆ ಹಾಗಲ್ಲ: ಅಗತ್ಯಕ್ಕಿಂತ ದೊಡ್ಡದಾದರೆ ಮತ್ತೆ ಮತ್ತೆ ಆರಿ ಹೊತ್ತುತ್ತದೆ, ಡಕ್ಟಿನಲ್ಲಿ ಗಾಳಿ ಭೋರ್ಗರೆಯುತ್ತದೆ, ಕಂಪ್ರೆಸರ್ ಬೇಗ ಸವೆಯುತ್ತದೆ.

ಸರಿಯಾದ ದಾರಿ ಮ್ಯಾನ್ಯುಯಲ್ ಜೆ ಎಂಬ ಕೋಣೆವಾರು ಲೆಕ್ಕ. ಅದನ್ನು ಪರೀಕ್ಷಿಸಲು ಮನೆಯವರ ಹತ್ತಿರವೇ ಒಂದು ಅಸ್ತ್ರವಿರುತ್ತದೆ: ಎಣ್ಣೆಯ ಬಿಲ್ಲು. ಒಂದು ಗ್ಯಾಲನ್ ಹೀಟಿಂಗ್ ಆಯಿಲ್‌ನಲ್ಲಿ ಸುಮಾರು 1,38,500 ಬಿಟಿಯು. 750 ಗ್ಯಾಲನ್, ಫರ್ನೆಸ್ಸಿನ ದಕ್ಷತೆ ಶೇ 80 ಹಿಡಿದರೆ ಮನೆಗೆ ಸಿಕ್ಕಿದ್ದು 8.31 ಕೋಟಿ ಬಿಟಿಯು. ಆ ಸೀಮೆಯ ವರ್ಷದ ಹೀಟಿಂಗ್ ಡಿಗ್ರಿ ಡೇ (ದಿನದ ಸರಾಸರಿ ಹವೆ 65 ಡಿಗ್ರಿಗಿಂತ ಎಷ್ಟು ಕೆಳಗಿತ್ತೋ ಅದರ ಮೊತ್ತ) 6,300 ಎಂದಿಟ್ಟುಕೊಂಡು ಭಾಗಿಸಿ, ಮತ್ತೆ 24ರಿಂದ ಭಾಗಿಸಿದರೆ ಹೊರಗೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಇಳಿದಾಗೆಲ್ಲ ಗಂಟೆಗೆ 550 ಬಿಟಿಯು ಹೆಚ್ಚು ಬೇಕು ಎಂದಾಯಿತು. ಹೊರಗೆ 5 ಡಿಗ್ರಿ ಇರುವ ರಾತ್ರಿಗೆ, 65ರಿಂದ 60 ಡಿಗ್ರಿ ಅಂತರ, 33,000 ಬಿಟಿಯು. ಅಟ್ಟದ ಕೆಲಸದಿಂದ ಶೇ 15 ಇಳಿದರೆ 28,000. ಫರ್ನೆಸ್ಸಿನ ತಗಡು ಹೇಳಿದ್ದರ ಮೂರನೇ ಒಂದು ಭಾಗವೂ ಇಲ್ಲ.

ಟನ್ನಿನ ಲೆಕ್ಕದಲ್ಲೂ ಒಂದು ಮೋಸವಿದೆ. ಮೂರು ಟನ್ ಎಂದರೆ 36,000 ಬಿಟಿಯು, ಆದರೆ ಹೊರಗಿನ ಹವೆ ಹಿತವಾಗಿದ್ದಾಗಿನ ಮಾತು ಅದು. ಕೊರೆಯುವ ರಾತ್ರಿ ಎಷ್ಟು ಕೊಡುತ್ತದೆ ಎನ್ನುವುದನ್ನು ನೀಪ್ ಸಂಸ್ಥೆಯ ಕೋಲ್ಡ್ ಕ್ಲೈಮೇಟ್ ಪಟ್ಟಿಯಲ್ಲಿ, 5 ಡಿಗ್ರಿಯ ಗರಿಷ್ಠ ಸಾಮರ್ಥ್ಯದ ಅಂಕಣದಲ್ಲಿ ನೋಡಬೇಕು. ಆರಿಸಿದ ಮೂರು ಟನ್ನಿನ ಯಂತ್ರ ಅಲ್ಲಿ 30,000 ತೋರಿಸುತ್ತಿತ್ತು. ಸಾಕು. ಅದಕ್ಕೂ ಮೀರಿದ ಚಳಿಗೆ, ಮನೆಯೊಳಗೆ ಕೂತು ಡಕ್ಟಿಗೆ ಗಾಳಿ ಊದುವ ಏರ್ ಹ್ಯಾಂಡ್ಲರಿನೊಳಗೆ, ಕರೆಂಟಿನಿಂದ ನೇರವಾಗಿ ಕಾಯುವ 10 ಕಿಲೋವ್ಯಾಟ್ ಹೀಟ್ ಸ್ಟ್ರಿಪ್.

ಜೋಡಿ ತಪ್ಪಿದ ಏರ್ ಹ್ಯಾಂಡ್ಲರ್

ಕ್ರೆಡಿಟ್ ಸಿಗಬೇಕಾದರೆ ಯಂತ್ರ ಸಿಇಇ ಎಂಬ ಶಕ್ತಿ ದಕ್ಷತೆಯ ಒಕ್ಕೂಟದ ಅತ್ಯುನ್ನತ ದಕ್ಷತಾ ಶ್ರೇಣಿಯಲ್ಲಿರಬೇಕಿತ್ತು. ಅಡ್ವಾನ್ಸ್ಡ್ ಶ್ರೇಣಿ ಇದ್ದರೆ ಅದನ್ನು ಬಿಟ್ಟು ಅದರ ಕೆಳಗಿನದು. ಆ ವರ್ಷದ ಆರಂಭದಲ್ಲಿ ಜಾರಿಯಲ್ಲಿದ್ದ ಶ್ರೇಣಿಯೇ ಲೆಕ್ಕ. 2025ಕ್ಕೆ ಮಾನದಂಡ ಬದಲಾಗಿತ್ತು, 2024ರ ಪಟ್ಟಿ ಇಟ್ಟುಕೊಂಡು 2025ರಲ್ಲಿ ಯಂತ್ರ ಆರಿಸಿದವರಿಗೆ ಅಲ್ಲೇ ಏಟು.

ದಕ್ಷತೆಯ ಅಂಕಿ ಹೊರಗಿನ ಯೂನಿಟ್‌ನದು ಮಾತ್ರ ಅಲ್ಲ. ಹೊರಗಿನ ಯೂನಿಟ್ ಮತ್ತು ಒಳಗಿನ ಏರ್ ಹ್ಯಾಂಡ್ಲರ್ ಸೇರಿದ ಜೋಡಿಯದು. ಪ್ರತಿ ಜೋಡಿಗೂ ಎಎಚ್‌ಆರ್‌ಐ ಎಂಬ ಯಂತ್ರ ತಯಾರಕರ ಸಂಘ ಒಂದು ಪ್ರಮಾಣಪತ್ರ ಸಂಖ್ಯೆ ಕೊಡುತ್ತದೆ. 2025 ಎಂದರೆ ಶೀತಕದ ಪಲ್ಲಟದ ವರ್ಷವೂ ಹೌದು: ಆ ಜನವರಿಯಿಂದ ಆರ್-410ಎ ತುಂಬಿದ ಹೊಸ ಮನೆಬಳಕೆ ಯಂತ್ರ ತಯಾರಿಸುವಂತಿಲ್ಲ, ಆರ್-454ಬಿ ಬಂತು. ಇದು ಅಲ್ಪ ಪ್ರಮಾಣದಲ್ಲಿ ಹೊತ್ತಿಕೊಳ್ಳುವ ಗುಣದ್ದಾದ್ದರಿಂದ ಒಳಗಿನ ಯೂನಿಟ್‌ನಲ್ಲಿ ಸೋರಿಕೆ ಸೆನ್ಸರ್ ಇರುತ್ತದೆ. ಹಳೆಯ ದಾಸ್ತಾನಿನ ಕಾಯಿಲ್, ಹೊಸ ಹೊರ ಯೂನಿಟ್ ಎಂದು ಕೂಡಿಸಲು ಬರುವುದಿಲ್ಲ.

ನವೆಂಬರಿನಲ್ಲಿ ಸಾಮಾನು ಬಂದಾಗ ಹೊರ ಯೂನಿಟ್ ಕೊಟೇಶನ್ನಿನಲ್ಲಿ ಬರೆದದ್ದೇ. ಏರ್ ಹ್ಯಾಂಡ್ಲರಿನ ಮಾಡೆಲ್ ಸಂಖ್ಯೆಯ ಕೊನೆಯ ಎರಡು ಅಕ್ಷರ ಮಾತ್ರ ಬೇರೆ. "ಅದು ಸ್ಟಾಕ್ ಇರಲಿಲ್ಲ, ಇದೂ ಅದೇ" ಎಂಬ ಉತ್ತರ ಬಂತು. ಎಎಚ್‌ಆರ್‌ಐ ಡೈರೆಕ್ಟರಿಯಲ್ಲಿ ಆ ಎರಡೂ ಸಂಖ್ಯೆ ಹಾಕಿ ಹುಡುಕಿದರೆ ಜೋಡಿಯೇ ಇಲ್ಲ. ಜೋಡಿ ಇಲ್ಲದಿದ್ದರೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದಿದ್ದರೆ ಮಾಸ್ ಸೇವ್ ರಿಬೇಟೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಹನ್ನೊಂದು ಸಾವಿರ ಡಾಲರ್ ಎರಡು ಅಕ್ಷರಕ್ಕೆ ತೂಗುಬಿದ್ದಿತ್ತು. ಪೆಟ್ಟಿಗೆ ಒಡೆಯುವ ಮೊದಲೇ ವಾಪಸ್ಸು ಕಳಿಸಿದ್ದರಿಂದ ಬಚಾವಾಯಿತು. ಬದಲಿ ಬರಲು ಹನ್ನೆರಡು ದಿನ ಹಿಡಿಯಿತು.

ರಿಬೇಟಿನ ಲೆಕ್ಕ ಹೀಗೆ: ಒಟ್ಟು ಬೆಲೆ ಕೂಲಿ ಸೇರಿ 21,000. ಆ ವರ್ಷದ ರಿಬೇಟು ಟನ್ನಿಗೆ 3,000ದಂತೆ, 10,000ದ ಮಿತಿಯೊಳಗೆ, 9,000. ಉಳಿದ 12,000ದ ಶೇ 30 ಎಂದರೆ 3,600, ಡಬ್ಬಿಯ ಮಿತಿಯಿಂದ 2,000. ರಿಬೇಟು ಕಳೆಯಬೇಕೋ ಬೇಡವೋ ಎಂದು ಜನ ತಲೆ ಕೆಡಿಸಿಕೊಳ್ಳುತ್ತಾರೆ. ಕಳೆಯಲೇಬೇಕು. ಆದರೆ ಕಳೆದ ಮೇಲೂ ಖರ್ಚು 6,667 ಡಾಲರಿಗಿಂತ ಹೆಚ್ಚಿದ್ದರೆ ಕ್ರೆಡಿಟ್ ಅದೇ 2,000, ಒಂದು ಸೆಂಟೂ ಕಡಿಮೆಯಾಗದು. ರಿಬೇಟಿನ ಚೆಕ್ಕು ರಿಟರ್ನ್ ಹಾಕಿದ ಮೇಲೆ ಬಂದರೂ ಕಳೆಯುವ ನಿಯಮ ಬದಲಾಗುವುದಿಲ್ಲ.

ನೂರು ಆಂಪ್, ಡಿಸೆಂಬರ್ 31

ಮನೆಯ ಪ್ಯಾನೆಲ್ 100 ಆಂಪಿನದು. ಹತ್ತು ಕಿಲೋವ್ಯಾಟ್ ಸ್ಟ್ರಿಪ್ಪಿಗೇ 60 ಆಂಪಿನ ಬ್ರೇಕರ್ ಬೇಕು. ಅದರ ಮೇಲೆ ಹೊರ ಯೂನಿಟ್, ವಾಟರ್ ಹೀಟರ್, ಎಲೆಕ್ಟ್ರಿಕ್ ಒಲೆ, ಬಟ್ಟೆ ಒಣಗಿಸುವ ಡ್ರೈಯರ್. 200 ಆಂಪಿಗೆ ಏರಿಸದೆ ಗತಿಯಿಲ್ಲ. ಹೀಟ್ ಪಂಪ್ ಕೂಡಿಸುವ ಸಲುವಾಗಿ, ಅದರ ಜೊತೆಗೇ ಹಾಕಿದ, ಕನಿಷ್ಠ 200 ಆಂಪ್ ಸಾಮರ್ಥ್ಯದ ಪ್ಯಾನೆಲ್ಲಿಗೆ 25ಸಿ ಅನ್ವಯಿಸುತ್ತಿತ್ತು. ಸುಮ್ಮನೆ ಕಾರ್ ಚಾರ್ಜರ್‌ಗೆಂದು ಹಾಕಿಸಿದರೆ ಇಲ್ಲ. ಖರ್ಚು 3,200, ಶೇ 30ಕ್ಕೆ 960, ಒಳಮಿತಿಯಿಂದ 600.

ಈ ಪ್ರಕರಣದಲ್ಲಿ ನಿಜವಾಗಿ ಎದೆ ಹೊಡೆದುಕೊಂಡದ್ದು ಇಲ್ಲಿ. 25ಸಿಗೆ ಬೇಕಾದ್ದು ಯಂತ್ರ ಬಳಕೆಗೆ ಸಿದ್ಧವಾದ ದಿನ. ಮುಂಗಡ ಕೊಟ್ಟದ್ದು, ಸಾಮಾನು ಮನೆ ಅಂಗಳಕ್ಕೆ ಬಂದದ್ದು ಯಾವುದೂ ಲೆಕ್ಕಕ್ಕಿಲ್ಲ. ಜುಲೈ ನಂತರ ಎಲ್ಲರಿಗೂ ವರ್ಷಾಂತ್ಯದ ಅವಸರ, ಎಲ್ಲ ಕಾಂಟ್ರಾಕ್ಟರುಗಳ ಕೈ ತುಂಬಿತ್ತು. ಕಾಂಟ್ರಾಕ್ಟರ್ ಸಿಕ್ಕಿದರೂ ಸಾಲದು: ಪ್ಯಾನೆಲ್ ಏರಿಸಲು ವಿದ್ಯುತ್ ಕಂಪನಿಯವರು ಬಂದು ಹೊರಗಿನ ತಂತಿ ಬಿಡಿಸಿ ಮತ್ತೆ ಕಟ್ಟಬೇಕು, ಊರಿನ ವೈರಿಂಗ್ ಇನ್‌ಸ್ಪೆಕ್ಟರ್ ಒಪ್ಪಬೇಕು. ಸೆಪ್ಟೆಂಬರ್ 8ಕ್ಕೆ ಅರ್ಜಿ ಹಾಕಿದ್ದಕ್ಕೆ ಡಿಸೆಂಬರ್ 9ರ ದಿನ ಸಿಕ್ಕಿತು. ಅಕ್ಟೋಬರಿಗೆ ಮುಂದೂಡಿದ್ದರೆ ಜನವರಿಗೆ ಹೋಗಿ 2,600 ಡಾಲರ್ ಮಣ್ಣುಪಾಲಾಗುತ್ತಿತ್ತು. ಹೀಟ್ ಪಂಪಿನ ಕೊಟೇಶನ್ ಅಂತಿಮವಾಗುವ ಮೊದಲೇ ಪ್ಯಾನೆಲ್ಲಿನ ಅರ್ಜಿ ಹಾಕಿದ್ದು ಈ ಮನೆಯವರು ಮಾಡಿದ ಅತಿ ಜಾಣ ಕೆಲಸ.

ಡಿಸೆಂಬರ್ 11ರಂದು ಹೊರ ಯೂನಿಟ್ ಕೂತಿತು. ಹಿಮದ ಮಟ್ಟಕ್ಕಿಂತ ಮೇಲಿರಲಿ ಎಂದು ಎರಡಡಿ ಎತ್ತರದ ಸ್ಟ್ಯಾಂಡು, ಸೂರಿನ ನೀರು ಮೇಲೆ ಸುರಿಯದ ಜಾಗ. ಪೈಪು ಜೋಡಿಸಿ, ನೈಟ್ರೋಜನ್ ಒತ್ತಡದಲ್ಲಿ ಸೋರಿಕೆ ನೋಡಿ, ವ್ಯಾಕ್ಯೂಮ್ 500 ಮೈಕ್ರಾನಿಗಿಂತ ಕೆಳಗೆ ಎಳೆದು, ಡಿಸೆಂಬರ್ 17ರಂದು ಚಾಲೂ ಆಯಿತು. ಇನ್‌ಸ್ಪೆಕ್ಟರ್ 22ರಂದು ಸಹಿ ಹಾಕಿದರು, ಬಾಕಿ ಹಣ 29ಕ್ಕೆ ಸಂದಾಯ. ಕೆಲಸ ಜನವರಿಗೆ ಜಾರಿದರೂ ಬಿಲ್ಲಿಗೆ ಡಿಸೆಂಬರ್ ತಾರೀಖು ಹಾಕಿಕೊಡುತ್ತೇವೆ ಎಂದವರೂ ಇದ್ದರು. ಪರ್ಮಿಟ್ಟಿನ ತಾರೀಖು ಊರಿನ ಕಚೇರಿಯ ದಾಖಲೆಯಲ್ಲಿರುತ್ತದೆ; ಅಂಥ ಬಿಲ್ಲು ನಂಬಿ ರಿಟರ್ನಿಗೆ ಸಹಿ ಹಾಕುವುದು ತಾನಾಗಿ ಕೊರಳು ಒಡ್ಡಿದ ಹಾಗೆ.

ಮೊದಲ ವಾರ ಅಜ್ಜಿಯ ದೂರು: "ಇದೇನಪ್ಪ, ಬರೀ ಗಾಳಿ ಬರ್ತಿದೆ, ಬಿಸಿನೇ ಇಲ್ಲ." ಅಜ್ಜಿ ಕುರ್ಚಿ ಇದ್ದದ್ದು ಗಾಳಿಕಿಂಡಿಯ ಪಕ್ಕದಲ್ಲೇ. ಆಯಿಲ್ ಫರ್ನೆಸ್ಸಿನ ಗಾಳಿ 130, 140 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಸ್ವಲ್ಪ ಹೊತ್ತು ಭಗ್ಗೆಂದು ಬಂದು ನಿಲ್ಲುತ್ತದೆ. ಹೀಟ್ ಪಂಪಿನದು 95ರಿಂದ 105. ದಿನವಿಡೀ ಮೆಲ್ಲಗೆ ಬರುತ್ತಲೇ ಇರುತ್ತದೆ. ಹೆಚ್ಚುಕಡಿಮೆ ಮೈಯ ಬಿಸಿಯಷ್ಟೇ ಇರುವ ಗಾಳಿ ಮೈಗೆ ತಾಗಿದರೆ ತಣ್ಣಗೇ ಅನಿಸುತ್ತದೆ. ಕುರ್ಚಿ ಸರಿಸಿದ್ದರಿಂದ ಅರ್ಧ ಸರಿಹೋಯಿತು. ಇನ್ನರ್ಧಕ್ಕೆ ಕಾರಣ ಬೇರೆಯಿತ್ತು. ಟನ್ನಿಗೆ ನಿಮಿಷಕ್ಕೆ 350ರಿಂದ 400 ಘನ ಅಡಿ ಗಾಳಿ ಬೇಕು, ಎಂದರೆ ಒಟ್ಟು 1,050ರಿಂದ 1,200. ಕೋಣೆಯ ಗಾಳಿಯನ್ನು ವಾಪಸ್ಸು ಎಳೆಯುವ ಹಳೆಯ ರಿಟರ್ನ್ ಡಕ್ಟು ಅಷ್ಟನ್ನು ಎಳೆಯಲಾರದೆ ಡಕ್ಟಿನ ಒತ್ತಡ (ನೀರಿನ ಮಟ್ಟದ ಇಂಚಿನಲ್ಲಿ ಅಳೆಯುತ್ತಾರೆ) 0.85 ಇಂಚಿಗೆ ಏರಿತ್ತು. ಏರ್ ಹ್ಯಾಂಡ್ಲರಿನ ಮಿತಿ 0.5. ಮಹಡಿಯ ಮೊಗಸಾಲೆಯಿಂದ 14 ಇಂಚಿನ ಇನ್ನೊಂದು ರಿಟರ್ನ್ ಡಕ್ಟು ಇಳಿಸಿದ ಮೇಲೆ ಗಾಳಿಯ ಸದ್ದೂ ಇಳಿಯಿತು, ಗ್ಯಾರೇಜಿನ ಮೇಲಿನ ಮಕ್ಕಳ ಕೋಣೆಯೂ ಬೆಚ್ಚಗಾಯಿತು. ರಾತ್ರಿ ಮಲಗುವಾಗ ಥರ್ಮೋಸ್ಟಾಟ್ 60ಕ್ಕೆ ಇಳಿಸುವ ಹಳೆಯ ರೂಢಿಯನ್ನೂ ಬಿಡಿಸಬೇಕಾಯಿತು. ಬೆಳಗ್ಗೆ ಒಮ್ಮೆಲೇ ಹತ್ತು ಡಿಗ್ರಿ ಏರಿಸಲು ಹೊರಟರೆ ಸ್ಟ್ರಿಪ್ ಹೊತ್ತಿಕೊಳ್ಳುತ್ತದೆ, ಉಳಿಸಿದ್ದೆಲ್ಲ ಅದರಲ್ಲೇ ಹೋಗುತ್ತದೆ.

ಫಾರ್ಮು, ಲೆಕ್ಕ, ಬಾಕಿ ಉಳಿದ 210

ಕ್ರೆಡಿಟ್ ಕೇಳುವುದು ಫಾರ್ಮ್ 5695ರ ಎರಡನೇ ಭಾಗದಲ್ಲಿ. ಮೊತ್ತ ಶೆಡ್ಯೂಲ್ 3ರ 5ಬಿ ಸಾಲಿಗೆ ಹೋಗುತ್ತದೆ. ಒಂದನೇ ಭಾಗ ಸೋಲಾರ್, ಭೂಗರ್ಭ ಹೀಟ್ ಪಂಪುಗಳದು, ಅದರ ನಿಯಮವೇ ಬೇರೆ. ಸಾಫ್ಟ್‌ವೇರಿನಲ್ಲಿ ಹೀಟ್ ಪಂಪ್ ಎಂಬ ಮಾತು ಕಂಡೊಡನೆ ಒಂದನೇ ಭಾಗದಲ್ಲಿ ತುಂಬಿದವರಿದ್ದಾರೆ. 2025ರ ಫಾರ್ಮಿಗೆ ಹೊಸದಾಗಿ ಸೇರಿದ್ದು ತಯಾರಕರ ನಾಲ್ಕು ಅಕ್ಷರದ ಗುರುತು, ಕ್ಯೂಎಂಐಡಿ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಲ್ಲಿ ನೋಂದಾಯಿಸಿದ ತಯಾರಕರ ಸಾಮಾನಿಗೇ ಆ ವರ್ಷ ಕ್ರೆಡಿಟ್. ಹೀಟ್ ಪಂಪಿನದನ್ನು ಎಲ್ಲರೂ ಕೇಳಿ ಇಟ್ಟುಕೊಳ್ಳುತ್ತಾರೆ. ಪ್ಯಾನೆಲ್ಲಿಗೂ ಬೇಕು ಎನ್ನುವುದು ಮರೆತುಹೋಗುತ್ತದೆ. ಎಲೆಕ್ಟ್ರಿಷಿಯನ್ ಯಾವ ಕಂಪನಿಯ ಪ್ಯಾನೆಲ್ ತರುತ್ತಾನೆ ಎಂದು ಮುಂಚೆಯೇ ನೋಡಬೇಕಾದ್ದು ಅದಕ್ಕೆ. ಇನ್ಸುಲೇಷನ್ನಿಗೆ ಇದು ಬೇಡ.

ಮನೆಯೊಡತಿ ಶನಿವಾರ ಬೇಸ್‌ಮೆಂಟಿನಲ್ಲಿ ಸಂಗೀತ ಪಾಠ ಹೇಳುತ್ತಾರೆ. ವ್ಯವಹಾರದ ಬಳಕೆ ಶೇ 20 ಮೀರಿದರೆ ಕ್ರೆಡಿಟ್ಟನ್ನು ಆ ಪ್ರಮಾಣದಲ್ಲಿ ಕತ್ತರಿಸಬೇಕಾಗುತ್ತಿತ್ತು. ಇಲ್ಲಿ ಅಷ್ಟಿಲ್ಲ, ಪೂರ್ತಿ ಸಿಕ್ಕಿತು.

2024ಕ್ಕೆ 1,020 ಮತ್ತು 210 ಸೇರಿ 1,230. 2025ಕ್ಕೆ 2,000 ಮತ್ತು 600 ಸೇರಿ 2,600. ಒಟ್ಟು 3,830. ಇದೇ ಕೆಲಸವನ್ನೆಲ್ಲ 2025ರಲ್ಲೇ ಒಟ್ಟಿಗೆ ಮಾಡಿಸಿದ್ದರೆ ವಾಟರ್ ಹೀಟರಿನದು ಬಿದ್ದುಹೋಗಿ 2,810 ಆಗುತ್ತಿತ್ತು. ಸೋರಿದ ಟ್ಯಾಂಕು 1,020 ಉಳಿಸಿಕೊಟ್ಟಿತು.

ತಿಂಗಳ ಬಿಲ್ಲಿನಲ್ಲಿ ಇಂಥ ಗೆಲುವನ್ನು ನಿರೀಕ್ಷಿಸಬಾರದು. ಶಾಖದ ಬೇಡಿಕೆ 7.06 ಕೋಟಿ ಬಿಟಿಯು, ಚಳಿಗಾಲದ ಸರಾಸರಿ ಸಿಒಪಿ 2.7 (ಒಂದು ಯೂನಿಟ್ ಕರೆಂಟಿಗೆ 2.7 ಯೂನಿಟ್ ಶಾಖ) ಹಿಡಿದರೆ ಸುಮಾರು 7,660 ಯೂನಿಟ್ ಕರೆಂಟು. ಯೂನಿಟ್ಟಿಗೆ 30 ಸೆಂಟಿನಂತೆ 2,300 ಡಾಲರ್. ಅಟ್ಟದ ಕೆಲಸದ ನಂತರ ಆಯಿಲ್ ಫರ್ನೆಸ್ಸನ್ನೇ ಉಳಿಸಿಕೊಂಡಿದ್ದರೆ 637 ಗ್ಯಾಲನ್, 3.60ರಂತೆ ಅದೂ 2,300ರ ಹತ್ತಿರ. ಸಮಸಮ. ಈ ರಾಜ್ಯ ಸೇರಿದ ನ್ಯೂ ಇಂಗ್ಲೆಂಡ್ ಸೀಮೆಯ ಕರೆಂಟಿನ ದರ ಅಂಥದ್ದು. 2025ರ ನವೆಂಬರಿನಿಂದ ಮ್ಯಾಸಚೂಸೆಟ್ಸ್‌ನಲ್ಲಿ ಹೀಟ್ ಪಂಪ್ ಮನೆಗಳಿಗೆ ಬಂದಿರುವ ಚಳಿಗಾಲದ ರಿಯಾಯಿತಿ ದರಕ್ಕೆ ಸೇರಿದರೆ ತಕ್ಕಡಿ ಸ್ವಲ್ಪ ಈ ಕಡೆ ವಾಲುತ್ತದೆ. ಬೇಸಿಗೆಯ ಏಸಿ ಇದೇ ಯಂತ್ರದಲ್ಲಿ ಸಿಕ್ಕಿದ್ದು ಬೇರೆ ಲಾಭ.

ಹಳೆಯ ರಿಟರ್ನ್ ತೆಗೆದು ನೋಡುವವರಿಗೆ ಎರಡು ಎಚ್ಚರಿಕೆ. ಹೊಸದಾಗಿ ಕಟ್ಟಿದ ಮನೆ ಕೊಂಡವರಿಗೆ 25ಸಿ ಇಲ್ಲ. ಬಿಲ್ಡರ್ ಹಾಕಿದ ಹೀಟ್ ಪಂಪ್ ಎಷ್ಟೇ ದಕ್ಷವಾಗಿದ್ದರೂ ಸಿಗದು, 25ಸಿ ಕೊಟ್ಟದ್ದು ಮೊದಲೇ ಇದ್ದ ಮನೆಯ ಸುಧಾರಣೆಗೆ. ಬೇರೆ ಊರಿನಲ್ಲಿ ಮನೆ ಕೊಂಡು ಬಾಡಿಗೆಗೆ ಕೊಟ್ಟವರು, ತಾವು ಅಲ್ಲಿ ವಾಸವಿಲ್ಲದಿದ್ದರೆ, ಅದಕ್ಕೆ ಕೇಳುವಂತಿಲ್ಲ.

ಬಾಕಿ ಉಳಿದದ್ದು 210. 2025ರಲ್ಲಿ ಹಿಂದಿನ ವರ್ಷದ ರಿಟರ್ನ್ ಹಾಕುವಾಗ, ಅಟ್ಟದ ಕೆಲಸ ಮಾಸ್ ಸೇವ್‌ನವರೇ ಮಾಡಿಸಿದ್ದಲ್ಲವೇ ಎಂದು ಮನೆಯವರು ಅದನ್ನು ಬಿಟ್ಟಿದ್ದರು, 1,020 ಮಾತ್ರ ಕೇಳಿದ್ದರು. ತಿದ್ದಲು ಫಾರ್ಮ್ 1040-ಎಕ್ಸ್ ಬೇಕು, ಜೊತೆಗೆ 2024ರದ್ದೇ ಆದ ಫಾರ್ಮ್ 5695. 2025ರ ಫಾರ್ಮು ನಡೆಯದು. ಅದರಲ್ಲಿ 210 ಒಂದನ್ನೇ ಬರೆಯಬಾರದು, ವಾಟರ್ ಹೀಟರನ್ನೂ ಸೇರಿಸಿ ಇಡೀ ಫಾರ್ಮನ್ನು ಹೊಸದಾಗಿ ತುಂಬಿ 1,230 ತೋರಿಸಬೇಕು. 1040-ಎಕ್ಸ್‌ನ ಮೊದಲ ಅಂಕಣದಲ್ಲಿ ಹಳೆಯ ಅಂಕಿ, ನಡುವೆ ವ್ಯತ್ಯಾಸ, ಕೊನೆಯಲ್ಲಿ ಸರಿಯಾದದ್ದು. ಕಾರಣದ ಜಾಗದಲ್ಲಿ ಒಂದು ಸಾಲು ಸಾಕು. ಆದಾಯದ ಅಂಕಿ ಬದಲಾಗದ್ದರಿಂದ ರಾಜ್ಯದ ರಿಟರ್ನ್ ತಿದ್ದಬೇಕಿಲ್ಲ. ಸಾಮಾನು ಕೂಲಿ ಬೇರೆ ಮಾಡಿ ಬರೆಸಿದ ಬಿಲ್ಲನ್ನು ಫಾರ್ಮಿಗೆ ಲಗತ್ತಿಸದೆ ಮನೆಯ ಕಡತದಲ್ಲಿ ಇಟ್ಟುಕೊಂಡರು, ಎಎಚ್‌ಆರ್‌ಐ ಪ್ರಮಾಣಪತ್ರ ಮತ್ತು ಪರ್ಮಿಟ್ಟಿನ ಜೊತೆ. ಆನ್‌ಲೈನಿನಲ್ಲಿ ಸಲ್ಲಿಸಿದ ಸುಮಾರು ಮೂರು ವಾರದ ಮೇಲೆ ಐಆರ್‌ಎಸ್ ಪುಟದಲ್ಲಿ ಅರ್ಜಿ ಕಾಣಿಸಿಕೊಳ್ಳುತ್ತದೆ.